ಮೊಹರು ಬಿದ್ದ ಲಕೋಟೆ

ಅಂಚೆಚೀಟಿ ಸಂಗ್ರಹದ ಹವ್ಯಾಸವುಳ್ಳ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಇಂದಿಗೂ ಕೆಲವರು ಇರುವರೆಂಬುದು ಸಂತೋಷದ ಸಂಗತಿಯೇ ಸರಿ. ಆದರೆ ಅವರ ಪುಸ್ತಕಗಳನ್ನು ತಿರುವಿ ನೋಡಿದಾಗಲೆಲ್ಲ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಗುವುದುಂಟು. ಮನೆಗೆ ಬಂದ ಲಕೋಟೆಯ ಮೂಲೆಯನ್ನು ಕತ್ತರಿಸಿ, ನೀರಿನಲ್ಲಿ ನೆನೆಯಿಟ್ಟು, ಚೀಟಿಯನ್ನು ಮೆಲ್ಲನೆ ಬಿಡಿಸಿ, ಒಣಗಿಸಿ, ಪುಸ್ತಕದಲ್ಲಿ ಅಂಟಿಸುತ್ತಾರೆ. ಉಳಿದ ಲಕೋಟೆಯನ್ನು ಕಸದ ಬುಟ್ಟಿಗೆ ಎಸೆಯುತ್ತಾರೆ. ಇದು ಹಣ್ಣನ್ನು ಎಸೆದು ಸಿಪ್ಪೆಯನ್ನು ಜೋಪಾನ ಮಾಡಿದಂತೆ. ಯಾವ ದಿನ, ಯಾವ ಊರಿನಿಂದ, ಯಾರು ಯಾರಿಗೆ ಬರೆದರು ಎಂಬ ಸಂಗತಿಗಳೆಲ್ಲ ಆ ಎಸೆದ ಭಾಗದಲ್ಲಿಯೇ ಉಳಿದಿರುತ್ತವೆ. ಚೀಟಿ ಲಕ್ಷಗಟ್ಟಲೆ ಅಚ್ಚಾಗುವಂಥದು. ಮೊಹರು ಬಿದ್ದ ಲಕೋಟೆಯಾದರೋ ತನ್ನಂತೆ ಇನ್ನೊಂದಿಲ್ಲದ್ದು. ಆಟೋಟಗಳ ಸ್ಮಾರಕ ಲಕೋಟೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂದಿದ್ದೇನೆ. ಕ್ರೀಡೆಯೆಂದೊಡನೆ ಕಿವಿ ನಿಮಿರದ ಹುಡುಗ ಹುಡುಗಿಯರು ಈ ಮುಂಬಯಿಯಲ್ಲಿ ಯಾರಿದ್ದಾರೆ?

ಹೊಸಬರಿಗಾಗಿ ಎರಡು ಮಾತು. ಅಂಚೆ ಇಲಾಖೆಯು ಹೊಸ ಚೀಟಿಯೊಂದನ್ನು ಹೊರಡಿಸಿದ ದಿನದಂದೇ ಅದನ್ನು ಲಕೋಟೆಗೆ ಅಂಟಿಸಿ, ಆ ದಿನಕ್ಕೆಂದೇ ಕೆತ್ತಿಸಿದ ಮೊಹರನ್ನು ಒತ್ತಿದರೆ ಅದು ‘ಪ್ರಥಮ ದಿನದ ಲಕೋಟೆ’. ಹೊಸ ಚೀಟಿಯಿಲ್ಲದೆ, ಯಾವುದೋ ಸಂಸ್ಥೆಯ ಶತಮಾನೋತ್ಸವಕ್ಕೋ ಪ್ರದರ್ಶನಕ್ಕೋ ಚಾಲ್ತಿಯಲ್ಲಿರುವ ಚೀಟಿಗೇ ವಿಶೇಷ ಮೊಹರು ಹಾಕಿದರೆ ಅದು ‘ವಿಶೇಷ ಲಕೋಟೆ’. ಎರಡರಲ್ಲೂ ಎಡಬದಿಗೆ ಸಂದರ್ಭಕ್ಕೊಪ್ಪುವ ಚಿತ್ರವೊಂದು ಇರುತ್ತದೆ. ಕ್ರೀಡೆಗೂ ಅಂಚೆಗೂ ನಂಟು ಹಳೆಯದು. 1896ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಪುನಃ ಆರಂಭವಾದಾಗ ಗ್ರೀಸ್ ದೇಶವು ಅದಕ್ಕಾಗಿ ಚೀಟಿಗಳನ್ನು ಅಚ್ಚು ಹಾಕಿಸಿತು. ಅವುಗಳ ಮಾರಾಟದಿಂದ ಕ್ರೀಡೆಗಳ ಖರ್ಚಿಗೂ ನೆರವಾಯಿತು. ನಮ್ಮ ದೇಶವು 1951ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡೆಗಳಿಗಾಗಿ ಎರಡಾಣೆಯದೊಂದು, ಹನ್ನೆರಡಾಣೆಯದೊಂದು ಚೀಟಿಯನ್ನು ಹೊರಡಿಸಿತು.

ನಮ್ಮ ಊರಿನ ಕಥೆಗೆ ಬರೋಣ. 2013ರ ನವೆಂಬರ್ 14 ಮಕ್ಕಳ ದಿನಾಚರಣೆಯ ದಿನ. ಅಂದು ವಾಂಖೆಡೆ ಕ್ರೀಡಾಂಗಣದಲ್ಲಿ ಸಚಿನ್ ತೆಂಡೂಲ್ಕರರ 200ನೆಯ ಮತ್ತು ಕೊನೆಯ ಟೆಸ್ಟ್ ಪಂದ್ಯ ಆರಂಭವಾಯಿತು. ಅಂದೇ ಅವರ ಗೌರವಾರ್ಥ ಅಂಚೆಚೀಟಿಗಳೂ ಬಿಡುಗಡೆಯಾದುವು. ಬದುಕಿರುವವರ ಚಿತ್ರವನ್ನು ಚೀಟಿಯ ಮೇಲೆ ಹಾಕುವುದು ನಮ್ಮಲ್ಲಿ ಅಪರೂಪ. 1958ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರಿಗೆ, 1960ರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಮರ್ಯಾದೆ ಸಂದಾಗ ಇಬ್ಬರೂ ತಂತಮ್ಮ ನೂರನೆಯ ವಯಸ್ಸಿನ ಹೊಸ್ತಿಲಲ್ಲಿದ್ದರು. ತೆಂಡೂಲ್ಕರರಿಗೆ ಆಗ ನಲವತ್ತು! ಕ್ರಿಕೆಟ್ಟಿಗೆ ನಾವು ಎಷ್ಟು ಸೋತ ಜನವೆಂಬುದಕ್ಕೆ ಬೇರೆ ನಿದರ್ಶನವೇಕೆ?

ಆ ಲಕೋಟೆಯ ಮೊಹರಿನಲ್ಲಿರುವ ತಾರೀಖನ್ನು ಗಮನಿಸಬೇಕು. ನವೆಂಬರ್ 14ರಂದು ವೆಸ್ಟ್ ಇಂಡೀಸ್ ತಂಡ 182 ಓಟಗಳಿಗೆ ಮುಗಿದುಹೋಯಿತು. ಸಂಜೆ ಆಟ ನಿಂತಾಗ ತೆಂಡೂಲ್ಕರರು 38 ಓಟಗಳೊಡನೆ ಔಟಾಗದೆ ಉಳಿದಿದ್ದರು. ಮರುದಿನ ಅವರು 74ಕ್ಕೆ ಔಟಾದರು. 16ರಂದು ಭಾರತವು ಒಂದು ಇನ್ನಿಂಗ್ಸ್ ಮತ್ತು 126 ಓಟಗಳಿಂದ ಗೆದ್ದಿತು. ಇದಾವುದೂ 14ರ ಮೊಹರಿಗೆ ಗೊತ್ತಿಲ್ಲ. ಆ ಲಕೋಟೆಯ ಪಾಲಿಗೆ ಅವರಿನ್ನೂ ಔಟಾಗಿಲ್ಲ. ನಾಳೆ ನೂರು ಹೊಡೆದಾರೆಂಬ ಆಸೆ ಇನ್ನೂ ಆರಿಲ್ಲ. ಮುಂದಾದುದೆಲ್ಲವನ್ನೂ ತಿಳಿದು ಬರೆದ ಚರಿತ್ರೆಯ ಪುಸ್ತಕಕ್ಕೂ ಅಂದಂದಿನ ಸಾಕ್ಷಿಗೂ ಇರುವ ಅಂತರ ಇದೇ. ಆ ಸಂಜೆ ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಒಬ್ಬ ಹುಡುಗ ಊರಿನಲ್ಲಿರುವ ತನ್ನ ಸೋದರಮಾವನಿಗೆ, “ಮಾಮಾ, ಇವತ್ತು 38 ಆಗೇದ, ನಾಳೆ ನೂರು ಆಗೇ ಆಗ್ತದ” ಎಂದು ಕಾಗದ ಬರೆದು ಅದೇ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದ್ದರೆ, ಅಂಗಡಿಯಲ್ಲಿ ಸಿಗುವ ಅಂಥ ಸಾವಿರ ಲಕೋಟೆಗಳಿಗಿಂತ ಅದೊಂದೇ ಹೆಚ್ಚು ಬಾಳುತ್ತಿತ್ತು.

ಹೀಗೆ ಹೇಳಲು ಕಾರಣವುಂಟು. ಪ್ರಥಮ ದಿನದ ಲಕೋಟೆಗಳಲ್ಲಿ ಬಹುಪಾಲು ಎಂದೂ ಪ್ರಯಾಣ ಮಾಡಿದವುಗಳಲ್ಲ. ಕಚೇರಿಯ ಕಟ್ಟೆಯ ಈಚೆಯಿಂದ ಹಣ ಕೊಟ್ಟರೆ ಆಚೆಯಿಂದ ಮೊಹರು ಹಾಕಿದ ಲಕೋಟೆ ಬರುತ್ತದೆ. ವಿಳಾಸವಿಲ್ಲ, ಒಳಗೆ ಪತ್ರವೂ ಇಲ್ಲ. ನೋಡಲು ಚೆಂದ, ಆದರೆ ಮದುವೆಯ ಮಂಟಪದಲ್ಲಿ ಮದುಮಕ್ಕಳೇ ಇಲ್ಲದಂತೆ. ಪ್ರಯಾಣ ಮಾಡಿದ ಲಕೋಟೆ ಎಷ್ಟು ಹೆಚ್ಚು ಹೇಳಬಲ್ಲದೆಂಬುದಕ್ಕೆ 1971ರ ಒಂದು ದೃಷ್ಟಾಂತ ಕೊಡುತ್ತೇನೆ.

ಆ ವರ್ಷ ಭಾರತದ ಕ್ರಿಕೆಟ್ ತಂಡವು ಮೊದಲು ವೆಸ್ಟ್ ಇಂಡೀಸನ್ನು ಅದರ ನೆಲದಲ್ಲಿಯೂ, ಬಳಿಕ ಇಂಗ್ಲೆಂಡನ್ನು ಅದರ ನೆಲದಲ್ಲಿಯೂ ಸರಣಿಯಲ್ಲಿ ಸೋಲಿಸಿತು. ಅಲ್ಲಿಯ ತನಕ ಎರಡೂ ಕಡೆ ನಮಗೆ ಒಂದು ಟೆಸ್ಟ್ ಗೆಲುವೂ ದಕ್ಕಿರಲಿಲ್ಲ. ನಾಯಕ ಅಜಿತ್ ವಾಡೇಕರ್ ಈ ಮುಂಬಯಿಯವರು. ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡನ್ನು 101 ಓಟಗಳಿಗೆ ಉರುಳಿಸಿದವರು ಮೈಸೂರಿನಲ್ಲಿ ಹುಟ್ಟಿದ ಭಾಗವತ್ ಚಂದ್ರಶೇಖರ್. 38 ಓಟಗಳಿಗೆ 6 ವಿಕೆಟ್ಟುಗಳು! ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಸೊರಗಿದ ಬಲಗೈ ಅವರದು, ಚೆಂಡೆಸೆದದ್ದೂ ಅದೇ ಕೈ. ಆಗಸ್ಟ್ 24ರಂದು, ಗಣೇಶ ಚತುರ್ಥಿಯ ದಿನ, ನಾಲ್ಕು ವಿಕೆಟ್ಟುಗಳ ವಿಜಯ ಸಿಕ್ಕಿತು. ಮುಂಬಯಿಯ ನಾಯಕತ್ವವೂ ಕನ್ನಡಿಗನ ಬೆರಳೂ ಕೂಡಿದ ಆ ಗೆಲುವು ನಮ್ಮಂಥ ಇಬ್ಬಗೆಯ ಊರಿನವರಿಗೆ ಎಷ್ಟು ಹೆಮ್ಮೆಯದೆಂದು ಹೇಳಬೇಕಾದುದಿಲ್ಲ.

ಈ ಎರಡು ವಿಜಯಗಳ ನೆನಪಿಗೆ ಅಂಚೆ ಇಲಾಖೆಯು 20 ಪೈಸೆಯ ಚೀಟಿಯೊಂದನ್ನು 1971ರ ಡಿಸೆಂಬರ್ 18ರಂದು ಹೊರಡಿಸಿತು. ಆ ತಾರೀಖನ್ನು ಇನ್ನೊಮ್ಮೆ ಓದಿರಿ. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯವು ಶರಣಾಗತವಾದದ್ದು ಡಿಸೆಂಬರ್ 16ರಂದು. ಯುದ್ಧ ಮುಗಿದು ಎರಡೇ ದಿನ! ಪೂರ್ವ ಬಂಗಾಳದಿಂದ ಪ್ರಾಣಭಯದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರ ನೆರವಿಗೆಂದು ಸರ್ಕಾರವು ನವೆಂಬರ್ 15ರಿಂದಲೇ ಐದು ಪೈಸೆಯ ಹೆಚ್ಚುವರಿ ಚೀಟಿಯನ್ನು ಕಡ್ಡಾಯ ಮಾಡಿತ್ತು. ಹೀಗಾಗಿ, ವಿಳಾಸವಿಲ್ಲದೆ ಕಚೇರಿಯಲ್ಲಿಯೇ ಮೊಹರು ಹಾಕಿಸಿಕೊಂಡ ಲಕೋಟೆಯ ಮೇಲೆ ಕ್ರಿಕೆಟ್ಟಿನ ಚೀಟಿಯೊಂದಿದ್ದರೆ ಸಾಕಾಯಿತು. ನಿಜವಾಗಿ ಟಪಾಲಿನಲ್ಲಿ ಹೋಗಬೇಕಾದ ಲಕೋಟೆಗೆ ಅದು ಸಾಲದು. ಅದರ ಪಕ್ಕದಲ್ಲಿ ನಿರಾಶ್ರಿತರ ಐದು ಪೈಸೆಯ ಚೀಟಿಯೂ ಇರಬೇಕು. ಒಂದರಲ್ಲಿ ಆಟದ ಹಿಗ್ಗು ಮಾತ್ರ. ಇನ್ನೊಂದರಲ್ಲಿ ಹಿಗ್ಗಿನ ಪಕ್ಕದಲ್ಲಿಯೇ ಮನೆಮಠ ಕಳೆದುಕೊಂಡವರ ಕಷ್ಟ. ಒಂದೇ ಮೊಹರು ಎರಡನ್ನೂ ಹೊಲಿದಿರುತ್ತದೆ. ಇವೆರಡರಲ್ಲಿ ಚರಿತ್ರೆ ಯಾವುದೆಂದು ಐದನೆಯ ತರಗತಿಯ ಮಗುವೂ ಹೇಳೀತು. ಅಂಗಡಿಯ ಪಟ್ಟಿಗಳಲ್ಲಿ ಮಾತ್ರ ಕಲೆಯಿಲ್ಲದ, ಮಡಿಕೆಯಿಲ್ಲದ, ವಿಳಾಸವಿಲ್ಲದ ಲಕೋಟೆಗೇ ಹೊಗಳಿಕೆ ಹೆಚ್ಚು. ಈ ರುಚಿಯನ್ನು ನಾನು ಒಪ್ಪಲಾರೆ.

ಆಟದ ಮಾತನ್ನು ಬಿಟ್ಟು ಒಂದು ಕ್ಷಣ ಆಕಾಶಕ್ಕೇರಿದರೆ, ನಮ್ಮ ನಾಡಿಗೂ ಈ ನಗರಕ್ಕೂ ನಂಟು ಹಾಕಿದ ಟಪಾಲೊಂದಿದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಟಪಾಲಿನ ವಿಮಾನವನ್ನು ತಾವೇ ನಡೆಸಿ ಜುಹುವಿನಲ್ಲಿಳಿಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬವರು ಆ ಟಪಾಲನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ವಿಮಾನದಲ್ಲಿ ಹೋದ ಲಕೋಟೆಗಳಿಗೆ ಈಗ ಎಷ್ಟು ಬೆಲೆಯೆಂಬುದು ನಮಗೆ ಬೇಡ. ಅವು ಹೋದುವು, ಹಾರಿದುವು, ತಲುಪಿದುವು. ಅವುಗಳ ಮೇಲಿನ ಗೌರವಕ್ಕೆಲ್ಲ ಅದೇ ಆಧಾರ.

ಮೊಹರಿನ ಗೌರವವನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳುವುದು ನ್ಯಾಯ. ಅದಕ್ಕೆ ಅಮೇರಿಕೆಗೆ ಹೋಗಬೇಕು. ಅಲ್ಲಿ ಬೇಸ್‌ಬಾಲ್ ಎಂಬುದು ನಮ್ಮ ಕ್ರಿಕೆಟ್ಟಿನಷ್ಟೇ ಹುಚ್ಚು ಹಿಡಿಸುವ ಆಟ. ದಾಂಡಿನಿಂದ ಚೆಂಡನ್ನು ಹೊಡೆದು ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ಓಡಿಬಂದರೆ ಒಂದು ಓಟ. ಈ ಆಟದ ಲಕೋಟೆಗಳನ್ನು ಕೂಡಿಸುವವರು ಅಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅವರೆಲ್ಲರ ಸಂಗ್ರಹದಲ್ಲಿ ಅಗ್ರಸ್ಥಾನ 1939ರ ಜೂನ್ 12ರ ಲಕೋಟೆಗೆ. ಬೇಸ್‌ಬಾಲಿಗೆ ನೂರು ವರ್ಷ ತುಂಬಿತೆಂದು ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಅಂದು ಮೂರು ಸೆಂಟಿನ ನೇರಿಳೆ ಬಣ್ಣದ ಚೀಟಿ ಹೊರಬಂದಿತು. ಆ ಆಟದ ಮಹನೀಯರ ಸ್ಮಾರಕ ಭವನವೂ ಅಲ್ಲಿಯೇ ಅಂದೇ ಉದ್ಘಾಟನೆಯಾಯಿತು. 1839ರಲ್ಲಿ ಅಬ್ನರ್ ಡಬಲ್‌ಡೇ ಎಂಬವನು ಅದೇ ಊರಿನಲ್ಲಿ ಬೇಸ್‌ಬಾಲನ್ನು ಕಂಡುಹಿಡಿದನೆಂದು 1907ರಲ್ಲಿ ಒಂದು ಮಂಡಲಿಯು ತೀರ್ಮಾನ ಕೊಟ್ಟಿದ್ದೇ ಇದಕ್ಕೆಲ್ಲ ಮೂಲ.

ಆದರೆ ಈ ಕಥೆ ನಿಂತದ್ದು ಒಬ್ಬ ಮುದುಕನ ನೆನಪಿನ ಮೇಲೆ. 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯ ವಿದ್ಯಾರ್ಥಿ. ಬೇಸ್‌ಬಾಲನ್ನು ತಾನು ಕಂಡುಹಿಡಿದೆನೆಂದು ಅವನು ಬದುಕಿರುವ ತನಕ ಎಲ್ಲಿಯೂ ಹೇಳಿಕೊಂಡವನಲ್ಲ. ಇಂದು ಯಾವ ಇತಿಹಾಸಕಾರನೂ ಆ ಕಥೆಯನ್ನು ಒಪ್ಪುವುದಿಲ್ಲ. ಇಂಥ ಸ್ಥಳಪುರಾಣಗಳು ನಮ್ಮಲ್ಲೇನು ಕಡಿಮೆಯೇ! ವಿಚಿತ್ರವೆಂದರೆ, ಚೀಟಿಯ ಮೇಲೆ ಡಬಲ್‌ಡೇಯ ಚಿತ್ರವಿಲ್ಲ. ಹಳ್ಳಿಯ ಬಯಲಿನಲ್ಲಿ ಹುಡುಗರು ಆಡುತ್ತಿರುವ ಚಿತ್ರ ಮಾತ್ರ ಇದೆ. ಸುಳ್ಳು ಕಥೆಯನ್ನು ಸ್ಮರಿಸಲು ಹೊರಟ ಚೀಟಿಯ ಮೇಲೆ ನಿಜವಾದ ಚಿತ್ರ! 1939ರ ಜೂನ್ 12ರಂದು ಕೂಪರ್ಸ್‌ಟೌನಿನಲ್ಲಿ ಜನ ಸೇರಿ ಸಂಭ್ರಮಿಸಿದರೆಂಬುದಕ್ಕೆ ಆ ಮೊಹರು ಗಟ್ಟಿಯಾದ ಸಾಕ್ಷಿ. 1839ರಲ್ಲಿ ಅಲ್ಲಿ ಏನು ನಡೆಯಿತೆಂಬುದಕ್ಕೆ ಅದು ಎಳ್ಳಷ್ಟೂ ಸಾಕ್ಷಿಯಲ್ಲ. ಸರ್ಕಾರದ ಮೊಹರು ಬಿದ್ದಿದೆಯೆಂದ ಮಾತ್ರಕ್ಕೆ ಅದರ ಮೇಲಿನ ಕಥೆಯೆಲ್ಲ ನಿಜವೆಂದು ನಂಬತಕ್ಕದ್ದಲ್ಲ.

ಸರ್ಕಾರದ ಚೀಟಿಗೆ ಇನ್ನೊಂದು ದೋಷವೂ ಉಂಟು: ಅದು ತಡವಾಗಿ ಬರುತ್ತದೆ. ಅಮೇರಿಕೆಯ ದೊಡ್ಡ ಬೇಸ್‌ಬಾಲ್ ಸಂಘಗಳಲ್ಲಿ ಹಲವು ದಶಕಗಳ ಕಾಲ ಕಪ್ಪು ಜನಾಂಗದವರಿಗೆ ಪ್ರವೇಶವಿರಲಿಲ್ಲ. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್‌ಸನ್ ಎಂಬ ಕಪ್ಪು ಯುವಕನು ಬ್ರೂಕ್ಲಿನ್ ತಂಡದ ಪರವಾಗಿ ಅಂಗಳಕ್ಕಿಳಿದು ಆ ಗೋಡೆಯನ್ನು ಒಡೆದನು. ಬೈಗುಳ, ಬೆದರಿಕೆ ಎಲ್ಲವನ್ನೂ ನುಂಗಿಕೊಂಡು ಆಡಿದನು. ಅವನ ಚಿತ್ರದ ಚೀಟಿ ಹೊರಬಿದ್ದದ್ದು 1982ರ ಆಗಸ್ಟ್ 2ರಂದು. ಆ ಏಪ್ರಿಲ್ ದಿನದಿಂದ 35 ವರ್ಷಗಳಾದ ಮೇಲೆ, ಅವನು ತೀರಿಕೊಂಡು ಸುಮಾರು ಹತ್ತು ವರ್ಷಗಳಾದ ಮೇಲೆ. 1947ರ ಆ ದಿನ ಬ್ರೂಕ್ಲಿನ್ನಿನ ಯಾವ ಅಂಚೆಕಚೇರಿಯಲ್ಲಿಯೂ ವಿಶೇಷ ಮೊಹರು ಸಿದ್ಧವಾಗಿರಲಿಲ್ಲ. ಅಂದು ಅಲ್ಲಿಂದ ಹೊರಟ ಸಾಮಾನ್ಯ ಕಾಗದವೊಂದರಲ್ಲಿ ಯಾರಾದರೂ “ಇಂದು ನಾನು ಕಣ್ಣಾರೆ ಕಂಡೆ” ಎಂದು ಬರೆದಿದ್ದರೆ, 1982ರ ಅಂದದ ಲಕೋಟೆ ಅದರ ಮುಂದೆ ಮಂಕಾಗಬೇಕು.

ಇದನ್ನು ಅರಿತ ಅಮೇರಿಕೆಯ ಸಂಗ್ರಾಹಕರು ಸರ್ಕಾರಕ್ಕೆ ಕಾಯುತ್ತ ಕುಳಿತುಕೊಳ್ಳಲಿಲ್ಲ. ದೊಡ್ಡ ಪಂದ್ಯವೋ ದಾಖಲೆಯೋ ನಡೆದ ದಿನ ತಾವೇ ಚಿತ್ರ ಬರೆದ ಲಕೋಟೆಗೆ ಸಾಧಾರಣ ಚೀಟಿಯನ್ನಂಟಿಸಿ, ಆ ಊರಿನ ಅಂದಿನ ಮೊಹರನ್ನು ಹಾಕಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. 1974ರ ಏಪ್ರಿಲ್ 8ರಂದು ಅಟ್ಲಾಂಟಾ ನಗರದಲ್ಲಿ ಹ್ಯಾಂಕ್ ಏರನ್ ಎಂಬ ಆಟಗಾರನು ತನ್ನ 715ನೆಯ ‘ಹೋಮ್ ರನ್’ ಹೊಡೆದು ಬೇಬ್ ರೂತನ 714ರ ದಾಖಲೆಯನ್ನು ದಾಟಿದನು. ನಮ್ಮಲ್ಲಿ ಸಿಕ್ಸರ್ ಇದ್ದಂತೆ ಅವರಲ್ಲಿ ಹೋಮ್ ರನ್. ಆ ಹಿಂದಿನ ವರ್ಷ ಅವನಿಗೆ 9 ಲಕ್ಷಕ್ಕೂ ಮಿಕ್ಕಿ ಕಾಗದಗಳು ಬಂದಿದ್ದುವಂತೆ. ಹರಸಿ ಬರೆದವರೂ ಇದ್ದರು. ಕಪ್ಪು ಮನುಷ್ಯನೊಬ್ಬ ಬಿಳಿಯನ ದಾಖಲೆಯನ್ನು ಮುರಿಯಬಾರದೆಂದು ಕೊಲೆಯ ಬೆದರಿಕೆ ಹಾಕಿದವರೂ ಇದ್ದರು. ಅಂಚೆಯ ಚೀಲ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಸಮನೆ ಹೊರುತ್ತದೆ.

ನಮ್ಮ ನಾಡಿನಲ್ಲಿ ಇಂಥ ಕಥೆಯಿಲ್ಲವೇ? ಇದೆ, ಅದು ರಾಬಿನ್‌ಸನ್ನನಿಗಿಂತ ನಾಲ್ಕು ದಶಕ ಹಿಂದಿನದು. ಕಥಾನಾಯಕ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಹೆಸರು ಮಾಡಿದ್ದು ಈ ಮುಂಬಯಿಯಲ್ಲಿ. ಪಾಲವಣಕರ ಬಾಳೂ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಅಸ್ಪೃಶ್ಯರೆನಿಸಿದ ಚಮ್ಮಾರರ ಮನೆಯ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನವನ್ನು ನೋಡಿಕೊಳ್ಳುವ ಕೆಲಸ ಮಾಡುತ್ತ, ಅವರಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ, ಎಡಗೈಯ ಅಸಾಧಾರಣ ಬೌಲರ್ ಆದರು. ಹಿಂದೂ ತಂಡದವರು ಅವರ ಎಸೆತವನ್ನು ಬಯಸಿದರು, ಪಂಕ್ತಿಯನ್ನು ಬಯಸಲಿಲ್ಲ. ಪುಣೆಯಲ್ಲಿ ಆಟದ ನಡುವೆ ಉಳಿದವರಿಗೆ ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಚಹಾ ಕೊಡುತ್ತಿದ್ದರೆ, ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಮೈದಾನದಲ್ಲಿ ಅದೇ ಚೆಂಡನ್ನು ಹನ್ನೊಂದು ಮಂದಿಯೂ ಮುಟ್ಟುತ್ತಿದ್ದರೆಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

1906ರಲ್ಲಿ ಬಾಂಬೆ ಜಿಮಖಾನಾದ ಅಂಗಳದಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ ಅವರೂ ತಮ್ಮ ಶಿವರಾಮನೂ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ ಬಾಳೂ 114 ವಿಕೆಟ್ಟುಗಳನ್ನು ಪಡೆದರು. ತಂಡ ಸೋತಾಗಲೂ ಅವರ ಕೈ ಸೋಲಲಿಲ್ಲ. ಇಷ್ಟಾದರೂ ಹಿಂದೂ ತಂಡದ ನಾಯಕತ್ವದ ಪಟ್ಟ ಅವರಿಗೆ ಸಿಗಲಿಲ್ಲ. ಅದು 1923ರಲ್ಲಿ ಅವರ ಇನ್ನೊಬ್ಬ ತಮ್ಮ ವಿಠ್ಠಲನಿಗೆ ಒಲಿಯಿತು. ಬಾಳೂ ಅವರು ಮುಂಬಯಿಯಲ್ಲಿಯೇ 1955ರ ಜುಲೈ 4ರಂದು ತೀರಿಕೊಂಡರು.

1996ರಲ್ಲಿ, ವಿಶ್ವಕಪ್ ಪಂದ್ಯಗಳ ಹೊತ್ತಿಗೆ, ಅಂಚೆ ಇಲಾಖೆಯು ನಾಲ್ವರು ಹಿರಿಯ ಕ್ರಿಕೆಟ್ ಆಟಗಾರರ ಚೀಟಿಗಳನ್ನು ಹೊರಡಿಸಿತು: ಸಿ. ಕೆ. ನಾಯುಡು, ವಿಜಯ ಮರ್ಚೆಂಟ್, ವಿನೂ ಮಂಕಡ್, ಡಿ. ಬಿ. ದೇವಧರ್. ನಾಲ್ವರೂ ಯೋಗ್ಯರು, ಅದರಲ್ಲಿ ಎರಡು ಮಾತಿಲ್ಲ. ಅವರೆಲ್ಲರಿಗಿಂತ ಮುಂಚೆ ದಾರಿ ತೆರೆದ ಬಾಳೂ ಆ ನಾಲ್ವರಲ್ಲಿ ಇರಲಿಲ್ಲ. ಇದಕ್ಕೆ ಯಾರನ್ನೂ ದೂಷಿಸಿ ಫಲವಿಲ್ಲ. ನಾಲ್ಕೇ ಚೀಟಿಗಳೆಂದಮೇಲೆ ಯಾರೋ ಹೊರಗುಳಿಯುವುದು ಸಹಜ. ನನ್ನ ಆಕ್ಷೇಪ ಬೇರೆ. ಇಲಾಖೆ ಹೊರಡಿಸಿದ್ದನ್ನು ಮಾತ್ರ ಕೊಂಡು ಕೂಡಿಸುವವನ ಪುಸ್ತಕದಲ್ಲಿ ಬಾಳೂವಿಗೆ ಆ ನಾಲ್ವರ ಪಕ್ಕದಲ್ಲಿ ಜಾಗವೇ ಇರುವುದಿಲ್ಲ. ಆ ಹುಡುಗ ಸಾವಿರಾರು ರೂಪಾಯಿ ಸುರಿದು ಪುಟಗಳನ್ನು ತುಂಬಿದರೂ, ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವನು ಅವನ ಪುಸ್ತಕದ ಹೊರಗೇ ನಿಂತಿರುತ್ತಾನೆ.

ಆದುದರಿಂದ ನನ್ನ ಸಲಹೆಯೇನೆಂದರೆ, ಕೊಳ್ಳುವುದಕ್ಕಿಂತ ಮಾಡುವುದು ಮೇಲು. “ಗುರುಗಳೇ, ಇದು ಶ್ರೀಮಂತರ ಹವ್ಯಾಸ” ಎಂದು ಹಿಂಜರಿಯುವವರಿಗೆ ನಾನು ಹೇಳುವುದು ಇದನ್ನೇ. ನಾವೇ ಮಡಿಸಿ ಅಂಟಿಸಿದ ಲಕೋಟೆಗೆ ಸಾಧಾರಣ ಅಂಚೆಯ 5 ರೂಪಾಯಿಯ ಚೀಟಿ ಸಾಕು. ಒಂದು ವಡಾಪಾವಿನ ಬೆಲೆಯೂ ಆಗದು. ಹೊಸ ಚೀಟಿಗಳನ್ನು ನೋಡಬೇಕೆಂದಿದ್ದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದ ಬಳಿಯ ಮುಖ್ಯ ಅಂಚೆಕಚೇರಿಯಲ್ಲಿ ಸಂಗ್ರಾಹಕರಿಗೆಂದೇ ವಿಭಾಗವಿದೆ. ನೋಡುವುದಕ್ಕೆ ಹಣ ಬೇಡ. ಹೋದಾಗ ಒಳಗೆ ನಿಂತು ತಲೆಯೆತ್ತಿ ನೋಡಿರಿ. 1913ರಲ್ಲಿ ಪೂರ್ತಿಯಾದ ಆ ಕಟ್ಟಡದ ಗುಮ್ಮಟಕ್ಕೆ ಶಿಲ್ಪಿ ಜಾನ್ ಬೆಗ್ ಮಾದರಿಯಾಗಿಟ್ಟುಕೊಂಡದ್ದು ನಮ್ಮ ವಿಜಯಪುರದ ಗೋಳಗುಮ್ಮಟವನ್ನು. ಆ ಗೋಳಗುಮ್ಮಟವೇ 1949ರ ಆರಾಣೆಯ ಚೀಟಿಯ ಮೇಲೂ ಇತ್ತು. ಊರಿನಿಂದ ನಾವು ಬರುವ ಮುಂಚೆಯೇ ನಮ್ಮ ಊರಿನ ನೆರಳು ಮುಂಬಯಿಯ ಟಪಾಲಿನ ಮೇಲೆ ಬಿದ್ದಿತ್ತೆಂದು ಹೇಳಿದರೆ ಅತಿಶಯವೇನಲ್ಲ.

ಇನ್ನು, ಮೊಬೈಲಿನ ಕಾಲದಲ್ಲಿ ಕಾಗದ ಬರೆಯುವವರಾರು ಎಂಬ ಆಕ್ಷೇಪ. ಟಪಾಲು ಸೊರಗುತ್ತಿರುವುದು ನಿಜವೇ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿದರು. ಆ ಹೆಸರಿನ ಲಕೋಟೆಗಳು ಒಂದೇ ದಿನದಲ್ಲಿ ಹಳೆಯ ಕಾಲಕ್ಕೆ ಸೇರಿದುವು. ಹೀಗೆ ಒಂದೊಂದಾಗಿ ಹೋಗುತ್ತಿರುವುದರಿಂದಲೇ ಇರುವಾಗ ಬಳಸಿಕೊಳ್ಳಬೇಕೆಂಬುದು ನನ್ನ ವಾದ. ಮೊಬೈಲಿನಲ್ಲಿ ಕಳುಹಿಸಿದ ಸಂದೇಶಕ್ಕೂ ತಾರೀಖು ಇರುತ್ತದೆಯಲ್ಲ ಎಂದು ಒಂಬತ್ತನೆಯ ತರಗತಿಯ ಜಾಣನೊಬ್ಬ ವಾದಿಸಿದ. ಇರುತ್ತದೆ, ಫೋನು ಕೆಡುವ ತನಕ.

ಕೆಲಸದ ಮಾತಿಗೆ ಬರೋಣ. ಬರುವ ಜುಲೈ 4ಕ್ಕೆ ನಮ್ಮ ಶಾಲೆಯಿಂದ ಬಾಳೂ ಅವರ ಲಕೋಟೆಯೊಂದು ಹೊರಡಲಿ. ಗಟ್ಟಿಯಾದ ಬಿಳಿಯ ಕಾಗದದಿಂದ ಮಾಡಿದ ಲಕೋಟೆ. ಎಡಬದಿಗೆ ನೀವೇ ಬರೆದ ಚಿತ್ರ. ಮುಖ ಬರೆಯಲು ಬಾರದಿದ್ದರೆ ಎಡಗೈಯೊಂದು ಚೆಂಡು ಹಿಡಿದಂತೆ ಬರೆದರೂ ಆದೀತು, ಮಣ್ಣಿನ ಕುಡಿಕೆಯನ್ನು ಬರೆದರೆ ಇನ್ನೂ ಒಳಿತು. ಬಲಮೂಲೆಯಲ್ಲಿ ಚೀಟಿ. ಒಳಗೆ ರಟ್ಟಿನ ತುಂಡೊಂದನ್ನು ಇಟ್ಟರೆ ಮೊಹರು ಸ್ಪಷ್ಟವಾಗಿ ಬೀಳುತ್ತದೆ. ಡಬ್ಬಿಗೆ ಹಾಕಿ ಬರಬೇಡಿರಿ. ಕಚೇರಿಯೊಳಗೆ ಹೋಗಿ, ಗುಮಾಸ್ತರಿಗೆ ಬಿಡುವಿರುವ ಹೊತ್ತು ನೋಡಿ, “ಕಾಕಾ, ಮೊಹರು ಚೆನ್ನಾಗಿ ಕಾಣುವಂತೆ ಹಾಕಿಕೊಡುತ್ತೀರಾ” ಎಂದು ಮರಾಠಿಯಲ್ಲಿ ವಿನಯದಿಂದ ಕೇಳಿರಿ. ಜುಲೈ 4 ರವಿವಾರ ಬಿದ್ದರೆ ಹಿಂದಿನ ದಿನವೇ ಹಾಕಿ, ಹಾಗೆಂದು ಪತ್ರದಲ್ಲಿ ಬರೆಯಿರಿ. ತಾರೀಖಿನ ವಿಷಯದಲ್ಲಿ ಹುಸಿ ಸಲ್ಲದು.

ಖಾಲಿ ಲಕೋಟೆ ಕೂಡದು. ಒಳಗೆ ಕನ್ನಡದಲ್ಲಿ ಒಂದು ಪುಟ: ಬಾಳೂ ಯಾರು, ಅವರ ವಿಷಯ ನಿಮಗೆ ಎಲ್ಲಿಂದ ತಿಳಿಯಿತು, ಅವರು ಆಡಿದ ಬಾಂಬೆ ಜಿಮಖಾನಾದ ಬಯಲು ಇಂದು ಹೇಗೆ ಕಾಣುತ್ತದೆ, ಅಂದು ಮುಂಬಯಿಯಲ್ಲಿ ಮಳೆ ಎಷ್ಟು, ಲೋಕಲ್ ಗಾಡಿಗಳು ನಡೆಯುತ್ತಿದ್ದುವೇ ನಿಂತಿದ್ದುವೇ. ಕೊನೆಯ ಸಂಗತಿಗಳು ಕ್ಷುಲ್ಲಕವೆಂದು ಬಿಡಬೇಡಿರಿ. ನಿರಾಶ್ರಿತರ ಐದು ಪೈಸೆಯ ಚೀಟಿಯೂ ಅಂದು ಕ್ಷುಲ್ಲಕವಾಗಿಯೇ ಕಂಡಿದ್ದಿರಬಹುದು. ವಿಳಾಸ ಧಾರವಾಡದ್ದಿರಲಿ. ನಿಮ್ಮಲ್ಲಿ ಆ ಕಡೆಯ ಮನೆಗಳವರು ಅನೇಕರಿದ್ದೀರಿ. ಅಜ್ಜನೋ ಅತ್ತೆಯೋ ಅಲ್ಲಿ ಇದ್ದೇ ಇರುತ್ತಾರೆ. ಇಲ್ಲದವರು ಗೆಳೆಯನ ಅಜ್ಜನಿಗೆ ಬರೆಯಿರಿ, ಅವರೇನೂ ಬೇಸರಪಟ್ಟುಕೊಳ್ಳಲಾರರು. ಬಾಳೂ ಹುಟ್ಟಿದ ಊರಿನಿಂದ ಅವರು ಉತ್ತರ ಬರೆದರೆ ಧಾರವಾಡದ ಮೊಹರು ನಿಮ್ಮ ಕೈ ಸೇರುತ್ತದೆ. ಅವರು ತೀರಿದ ಊರಿನ ಮೊಹರು ಅಜ್ಜನ ಕೈಯಲ್ಲಿರುತ್ತದೆ. ರಜೆಯಲ್ಲಿ ಹೋದಾಗ ಎರಡನ್ನೂ ಒಂದೇ ಪುಟದಲ್ಲಿ ಸೇರಿಸಿರಿ.

ಜುಲೈ ಎಂದರೆ ಇಲ್ಲಿ ಮಳೆ ಬಿಡುವುದೇ ಇಲ್ಲ. ವಿಳಾಸವನ್ನು ಬಾಲ್ ಪೆನ್ನಿನಿಂದಲೇ ಬರೆಯಿರಿ, ಶಾಯಿ ಹರಡೀತು. ಅಂಚೆಕಚೇರಿಯ ತನಕ ಲಕೋಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಗಿಯೊಳಗೆ ಒಯ್ಯಿರಿ.